ಹೂವೇ ಇಲ್ಲದ ಕಾಲದಲ್ಲಿ ಹುಳಕ್ಕೆ ಪರಾಗ ಎಲ್ಲಿಂದ ಸಿಕ್ತು?

ಪ್ರಶ್ನೆ: ಸಾರ್ ನಮಸ್ಕಾರ. ನಾನು ಮಂಡ್ಯದ ಹತ್ರ ಒಂದು ಪಿಯು ಕಾಲೇಜಲ್ಲಿ ಬಯಾಲಜಿ ಪಾಠ ಮಾಡ್ತೀನಿ. ನಮ್ಮ ಸ್ಟೂಡೆಂಟ್ ಒಬ್ಬಳಿಗೆ ಅವಳ ಸೋದರಮಾವ ಆನ್‌ಲೈನಲ್ಲಿ ಆರು ಸಾವಿರ ಕೊಟ್ಟು ಒಂದು ಆಂಬರ್ (ಕಲ್ಲಾದ ಮರದ ರಾಳ) ಪೆಂಡೆಂಟ್ ತರಿಸಿಕೊಟ್ಟಿದಾರೆ, ಒಳಗೆ ಜೇನುನೊಣದ ಥರ ಒಂದು ಹುಳ, ಅದರ ಸುತ್ತ ಹಳದಿ ಪುಡಿ. ಜೊತೆಗೆ ಬಂದ ಚೀಟಿಲಿ ‘10 ಕೋಟಿ ವರ್ಷದ ಹಿಂದೆ ಪರಾಗ ತಿನ್ನುತ್ತಿದ್ದ ಜೇನುನೊಣ’ ಅಂತ ಇದೆ. ಹುಡುಗಿ ಇದನ್ನ ಜಿಲ್ಲಾ ಮಟ್ಟದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಇಟ್ಟೇ ಇಡ್ತೀನಿ ಅಂತ ಕೂತಿದಾಳೆ. ನಾನು ಕ್ಲಾಸಲ್ಲಿ ಮೊದಲು ಹೂವು ಬಂತು, ಆಮೇಲೆ ಪರಾಗ ತಿನ್ನೋ ಹುಳ ಬಂತು ಅಂತ ಹೇಳ್ಕೊಂಡು ಬಂದಿದೀನಿ, ಆದ್ರೆ ಈಗ 28 ಕೋಟಿ ವರ್ಷದ ಹಿಂದಿನ ಹುಳದ ಹೊಟ್ಟೆಲಿ ಪರಾಗ ಸಿಕ್ಕಿದೆ ಅಂತ ಓದಿದೆ, ಆಗ ಹೂವೇ ಇರಲಿಲ್ವಲ್ಲ? ಮೈಮೇಲೆ ಪುಡಿ ಅಂಟಿದ ಮಾತ್ರಕ್ಕೆ ಅದನ್ನ ತಿಂತಿತ್ತು ಅಂತ ಹೆಂಗೆ ಹೇಳ್ತಾರೆ, ಗಾಳಿಲಿ ಬಂದು ಅಂಟಿರಬಹುದಲ್ವಾ? ಪೆಂಡೆಂಟ್ ಅಸಲಿನಾ ಅಂತ ನೋಡೋಕೆ ಕಾದ ಸೂಜಿ ಚುಚ್ಚಿ ಅಂತಾರೆ, ಚುಚ್ಚಬಹುದಾ? ಇನ್ನೊಂದು, ಕುಂತಿ ಬೆಟ್ಟದ ಹತ್ರ ಸಿಕ್ಕಿದ ಕಲ್ಲಲ್ಲಿ ಗಿಡದ ಅಚ್ಚಿನ ಥರ ಕಪ್ಪು ಗುರುತಿದೆ, ನಮ್ಮ ಕಡೇನೂ ಇಂಥ ಫಾಸಿಲ್ ಸಿಗತ್ತಾ? ಏನೋ ತಪ್ಪು ಹೇಳಿ ಮಗು ಹತ್ತು ಜನರ ಮುಂದೆ ತಲೆ ತಗ್ಗಿಸೋ ಹಂಗೆ ಆಗಬಾರ್ದು, ಅದೇ ನನ್ನ ಚಿಂತೆ.

ಉತ್ತರ:

ಮೇಷ್ಟ್ರೇ, ನಿಮ್ಮ ಕೊನೇ ಸಾಲಿಂದಲೇ ಶುರು ಮಾಡ್ತೀನಿ. ಆ ಚೀಟಿಲಿರೋ ವಾಕ್ಯವನ್ನ ಹುಡುಗಿ ಚಾರ್ಟ್ ಮೇಲೆ ಬರೆಯೋದು ಬೇಡ. ಅದೊಂದನ್ನ ಬಿಟ್ರೆ ಅವಳು ಹೆದರೋ ಅಂಥದ್ದು ಏನೂ ಇಲ್ಲ, ಆರಿಸಿಕೊಂಡಿರೋ ವಿಷಯ ತುಂಬಾ ಒಳ್ಳೇದು, ಪೆಂಡೆಂಟ್ ನಕಲಿ ಅಂತಾದ್ರೂ ಪ್ರಾಜೆಕ್ಟ್ ಕೆಡಲ್ಲ. ನೀವು ನಾಲ್ಕೈದು ಪ್ರಶ್ನೆ ಕೇಳಿದೀರಿ, ಆದ್ರೆ ಎಲ್ಲದರ ಬುಡದಲ್ಲಿ ಇರೋದು ಒಂದೇ ಅನುಮಾನ: ಹುಳದ ಜೊತೆ ಪರಾಗ ಸಿಕ್ತು ಅಂದ್ರೆ ಅದನ್ನ ನೋಡಿ ಎಷ್ಟು ಹೇಳಬಹುದು, ಎಲ್ಲಿಗೆ ನಿಲ್ಲಿಸಬೇಕು ಅನ್ನೋದು. ನಾನು ಮೈಸೂರಲ್ಲಿ ಕೂತು ದಿನಾ ಮಾಡೋ ಕೆಲಸವೇ ಅದು, ಜೇನುತುಪ್ಪದಲ್ಲಿ, ಕೆರೆ ಮಣ್ಣಲ್ಲಿ ಇರೋ ಪರಾಗ ನೋಡಿ ಯಾವ ಗಿಡದ್ದು ಅಂತ ಗುರುತಿಸೋದು, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ.

ಮೊದಲು ನಿಮ್ಮ ಕ್ಲಾಸಿನ ಮಾತು. ಪರಾಗ ಅಂದ ಕೂಡಲೇ ಹೂವು ಅಂತ ಎಲ್ಲರ ತಲೇಲೂ ಕೂತುಬಿಟ್ಟಿದೆ, ತಪ್ಪು ಶುರುವಾಗೋದೇ ಅಲ್ಲಿ. ಪರಾಗ ಬೀಜದ ಗಿಡಗಳ ಆಸ್ತಿ, ಹೂವಿನ ಗಿಡಗಳದ್ದು ಮಾತ್ರ ಅಲ್ಲ. ನಮ್ಮೂರಲ್ಲಿ ಎಷ್ಟೋ ಆಫೀಸು, ಕಲ್ಯಾಣ ಮಂಟಪಗಳ ಮುಂದೆ ಕುಂಡದಲ್ಲಿ ಸೈಕಾಸ್ ಗಿಡ ಇಟ್ಟಿರ್ತಾರಲ್ಲ, ಅದರಲ್ಲಿ ಗಂಡು ಗಿಡಕ್ಕೆ ನಡುವಲ್ಲಿ ಉದ್ದಕ್ಕೆ ಹಳದಿ ಬಣ್ಣದ ಕೋನ್ ಬರತ್ತೆ, ಅದನ್ನ ಬಿಳಿ ಹಾಳೆ ಮೇಲೆ ತಟ್ಟಿದ್ರೆ ಪುಡಿ ಉದುರತ್ತೆ, ಅದು ಅಪ್ಪಟ ಪರಾಗ, ಆದ್ರೆ ಆ ಗಿಡದಲ್ಲಿ ಹೂವು ಅನ್ನೋದೇ ಇಲ್ಲ. ಇಂಥ ಹೂವಿಲ್ಲದ ಬೀಜದ ಗಿಡಗಳು 35 ಕೋಟಿ ವರ್ಷಕ್ಕಿಂತ ಹಿಂದೆಯೇ ಇದ್ವು. ಹೂವಿನ ಗಿಡದ್ದೇ ಅಂತ ಅನುಮಾನ ಇಲ್ಲದೆ ಹೇಳಬಹುದಾದ ಪರಾಗ ಬಂಡೆಗಳಲ್ಲಿ ಕಾಣಿಸಿಕೊಳ್ಳೋದು ಸುಮಾರು 13 ಕೋಟಿ ವರ್ಷದ ಈಚೆಗೆ. ಅಂದ್ರೆ ಮಧ್ಯೆ 20 ಕೋಟಿ ವರ್ಷಕ್ಕೂ ಹೆಚ್ಚು ಕಾಲ ಭೂಮಿ ಮೇಲೆ ಪರಾಗ ಇತ್ತು, ಹುಳ ಇತ್ತು, ಹೂವು ಇರಲಿಲ್ಲ. ಪ್ರೋಟೀನು, ಕೊಬ್ಬು ತುಂಬಿರೋ ತಿಂಡಿ ಕಣ್ಣೆದುರಿಗೇ ಇರೋವಾಗ ಹುಳ ಸುಮ್ನೆ ಬಿಡತ್ತಾ?

ಬಿಟ್ಟಿಲ್ಲ ಅನ್ನೋದಕ್ಕೆ ಸಾಕ್ಷಿ ನೀವು ಓದಿದ ಆ 28 ಕೋಟಿ ವರ್ಷದ ಹುಳ. ಅದು ರಷ್ಯಾದ ಉರಲ್ ಪರ್ವತದ ಕಡೆ ಚೆಕಾರ್ಡಾ ಅನ್ನೋ ಜಾಗದ್ದು, ಪರ್ಮಿಯನ್ ಕಾಲದ ಕಲ್ಲಿನ ಪದರ. ಅಲ್ಲಿಯ ಕೆಲವು ಹುಳಗಳ ಕರುಳಿನ ಜಾಗದಲ್ಲಿ ಪರಾಗದ ಮುದ್ದೆ ಇದೆ ಅಂತ ರಸ್ನಿತ್ಸಿನ್ ಮತ್ತು ಕ್ರಾಸಿಲೊವ್ ಅನ್ನೋ ವಿಜ್ಞಾನಿಗಳು 1990ರ ದಶಕದಲ್ಲೇ ತೋರಿಸಿದ್ರು. ಆಮೇಲೆ 2023ರಲ್ಲಿ ಅದೇ ಜಾಗದ ಟಿಲ್ಯಾರ್ಡೆಂಬಿಯಾ ಗುಂಪಿನ ಹುಳಗಳ ಮೈಮೇಲೂ ಪರಾಗ ಅಂಟಿರೋದು ಪ್ರಕಟ ಆಯ್ತು, ಅದೂ ಹೂವಿಲ್ಲದ ಗಿಡದ ಪರಾಗ. ಹಂಗಾಗಿ ನಿಮ್ಮ ಕ್ಲಾಸಿನ ವಾಕ್ಯವನ್ನ ಸ್ವಲ್ಪ ತಿದ್ದಿದ್ರೆ ಸಾಕು: ಪರಾಗ ತಿನ್ನೋ ಹುಳಗಳು ಮೊದಲು ಬಂದ್ವು, ಹೂವು ಆಮೇಲೆ ಬಂತು, ಜೇನು ಅದಕ್ಕೂ ಆಮೇಲೆ ಬಂತು.

ಇನ್ನು ಗಾಳಿಲಿ ಬಂದು ಅಂಟಿರಬಹುದಲ್ವಾ ಅನ್ನೋ ನಿಮ್ಮ ಪ್ರಶ್ನೆ. ಇದು ನನಗೆ ತುಂಬಾ ಇಷ್ಟ ಆಯ್ತು, ಯಾಕಂದ್ರೆ ಈ ವಿಷಯದ ಮೇಲೆ ಕೆಲಸ ಮಾಡೋರು ತಮ್ಮನ್ನೇ ಕೇಳ್ಕೊಳ್ಳೋ ಮೊದಲನೇ ಪ್ರಶ್ನೆ ಇದೇ. ಅಂಟಿತ್ತು ಅನ್ನೋದು ಒಂದು ಮಾತು, ತಿಂತಿತ್ತು ಅನ್ನೋದು ಇನ್ನೊಂದು ಮಾತು, ಗಿಡದಿಂದ ಗಿಡಕ್ಕೆ ತಲುಪಿಸಿ ಪರಾಗಸ್ಪರ್ಶ ಮಾಡ್ತಿತ್ತು ಅನ್ನೋದು ಮೂರನೇ ಮಾತು. ಮೂರಕ್ಕೂ ಬೇರೆ ಬೇರೆ ಸಾಕ್ಷಿ ಬೇಕು. ಪೇಪರಲ್ಲಿ, ವಿಡಿಯೋದಲ್ಲಿ ಬರೋವಾಗ ಮೂರೂ ಕಲಸಿಹೋಗಿರತ್ತೆ.

ಅಂಟಿದ್ದಕ್ಕೆ ಹುಳದ ಮೈ ನೋಡ್ತಾರೆ. ಮರದ ರಾಳ ಹಸಿಯಾಗಿದ್ದಾಗ ಗಾಳಿಲಿ ಹಾರಾಡೋ ಪರಾಗ ಅದಕ್ಕೆ ಅಂಟೋದು ಸಹಜ, ಹಂಗೆ ಅಂಟಿದ್ರೆ ಹುಳದಿಂದ ದೂರದಲ್ಲೂ ರಾಳದ ತುಂಬಾ ಚೆಲ್ಲಾಪಿಲ್ಲಿ ಇರ್ಬೇಕು, ನಾಲ್ಕಾರು ಗಿಡದ್ದು ಬೆರೆತಿರ್ಬೇಕು. ಅದರ ಬದಲು ಒಂದೇ ಜಾತಿ ಪರಾಗ, ಹುಳದ ಕೂದಲ ಸಂದಿಲಿ, ಹೊಟ್ಟೆ ಕೆಳಗೆ, ಕಾಲಿನ ಬುಡದಲ್ಲಿ ಮಾತ್ರ, ಗುಂಪುಗುಂಪಾಗಿ ಸಿಕ್ರೆ ಆ ಹುಳ ರಾಳಕ್ಕೆ ಸಿಕ್ಕೋ ಮೊದಲೇ ಅದನ್ನ ಹೊತ್ಕೊಂಡಿತ್ತು ಅಂತ ಧೈರ್ಯವಾಗಿ ಹೇಳಬಹುದು. 2012ರಲ್ಲಿ ಸ್ಪೇನ್ ದೇಶದ ಆಂಬರಿಂದ ಬಂದ ಥ್ರಿಪ್ಸ್ ಇದಕ್ಕೆ ಒಳ್ಳೇ ಉದಾಹರಣೆ. ನಿಮ್ಮ ಕಡೆ ಮೆಣಸಿನಗಿಡ ಹಾಕಿದ ರೈತರಿಗೆಲ್ಲ ಥ್ರಿಪ್ಸ್ ಅಂದ್ರೆ ಗೊತ್ತು, ಎಲೆ ಮುದುರಿಸೋ ಆ ಕಣ್ಣಿಗೆ ಕಾಣೋದೇ ಕಷ್ಟ ಅನ್ನೋ ಹುಳ. ಅದರ ಸುಮಾರು 10.5 ಕೋಟಿ ವರ್ಷದ ಹಿಂದಿನ ನೆಂಟರ ಮೈಮೇಲೆ ಉಂಗುರ ಉಂಗುರವಾಗಿರೋ ವಿಶೇಷ ಕೂದಲು, ಆ ಕೂದಲಿಗೆ ನೂರಾರು ಪರಾಗ ಸಿಕ್ಕಿಹಾಕ್ಕೊಂಡಿವೆ, ಪರಾಗ ನೋಡಿದ್ರೆ ಸೈಕಾಸ್ ಅಥವಾ ಗಿಂಕ್ಗೊ (ಇದೂ ಹೂವಿಲ್ಲದ ಬೀಜದ ಗಿಡವೇ) ಥರದ ಗಿಡದ್ದು. ಎಲ್ಲವೂ ಹೆಣ್ಣು ಹುಳಗಳು. ಮರಿಗಳಿಗೆ ತಿನ್ನಿಸೋಕೆ ಒಯ್ತಿದ್ವು ಅಂತ ಸಂಶೋಧಕರು ಊಹೆ ಮಾಡ್ತಾರೆ, ಊಹೆ ಅಂತ್ಲೇ ಹೇಳ್ತಾರೆ ಕೂಡ.

ತಿಂದಿದ್ದಕ್ಕೆ ಸಾಕ್ಷಿ ಹೊಟ್ಟೆ ಒಳಗೆ ಸಿಗ್ಬೇಕು, ಇಲ್ಲಾ ಹಿಕ್ಕೆಲಿ ಸಿಗ್ಬೇಕು. ಇಲ್ಲಿ ಪರಾಗದ ಮೇಲ್ಪದರದ ಬಗ್ಗೆ ಒಂಚೂರು ಹೇಳ್ಬೇಕು. ಅದು ಸ್ಪೋರೊಪೊಲೆನಿನ್ ಅನ್ನೋ ವಸ್ತು, ಜೀವಲೋಕದಲ್ಲಿ ಇದಕ್ಕಿಂತ ಗಟ್ಟಿಯಾದ ಪದಾರ್ಥ ಅಪರೂಪ. ಕಲ್ಲಿಂದ ಪರಾಗ ಬಿಡಿಸೋಕೆ ಲ್ಯಾಬಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಹಾಕ್ತಾರೆ, ಕಲ್ಲು ಕರಗಿಹೋಗತ್ತೆ, ಪರಾಗದ ಚಿಪ್ಪು ಹಂಗೇ ಉಳಿಯತ್ತೆ. ಆಸಿಡ್‌ಗೇ ಜಗ್ಗದ ಚಿಪ್ಪು ಹುಳದ ಜಠರಕ್ಕೆ ಜಗ್ಗತ್ತಾ? ಎಷ್ಟೋ ಹುಳಗಳು ಚಿಪ್ಪು ಒಡೆಯೋ ಗೋಜಿಗೇ ಹೋಗಲ್ಲ, ಪರಾಗದ ಮೇಲಿರೋ ತೂತು, ಸೀಳುಗಳಿಂದ ಒಳಗಿನ ಸತ್ವ ಹೀರ್ಕೊಂಡು ಚಿಪ್ಪನ್ನ ಹಂಗೇ ಹೊರಗೆ ಹಾಕ್ತವೆ, ಕಾಯಿ ತುರಿದು ಬಿಸಾಕಿದ ಕರಟ ಇದ್ದ ಹಾಗೆ. ಹಂಗಾಗಿ ಹಿಕ್ಕೆಲಿ ಖಾಲಿ ಚಿಪ್ಪುಗಳ ರಾಶಿ ಸಿಕ್ತು ಅಂದ್ರೆ ಅದು ಗಾಳಿ ತಂದದ್ದಲ್ಲ, ಯಾರೋ ತಿಂದದ್ದೇ.

ಇದು ಎಷ್ಟು ಗಟ್ಟಿ ಸಾಕ್ಷಿ ಅನ್ನೋದಕ್ಕೆ ಫಾಸಿಲ್ ಲೋಕದ ಹೊರಗಿನ ಒಂದು ಕಥೆ ಇದೆ. 1981ರಲ್ಲಿ ಅಮೆರಿಕ ಸರ್ಕಾರ ದೊಡ್ಡ ಆರೋಪ ಮಾಡ್ತು, ಲಾವೋಸ್, ಕಾಂಬೋಡಿಯಾ ಕಡೆ ಆಕಾಶದಿಂದ ಹಳದಿ ವಿಷ ಸುರೀತಿದಾರೆ, ಇದು ಸೋವಿಯತ್ ಕಡೆಯವರ ಕೆಲಸ ಅಂತ. ಎಲೆ, ಕಲ್ಲಿನ ಮೇಲೆ ಬಿದ್ದಿದ್ದ ಹಳದಿ ಚುಕ್ಕಿಗಳನ್ನ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ತುಂಬಾ ಪರಾಗ. ವಿಷಕ್ಕೆ ಪರಾಗ ಬೇಕಂತ ಬೆರೆಸಿದಾರೆ ಅಂತಲೂ ವಾದ ಆಯ್ತು. ಆದ್ರೆ ಹಾರ್ವರ್ಡ್‌ನ ಮ್ಯಾಥ್ಯೂ ಮೆಸೆಲ್ಸನ್, ಜೇನಿನ ಮೇಲೆ ಕೆಲಸ ಮಾಡ್ತಿದ್ದ ಥಾಮಸ್ ಸೀಲಿ ಇವರೆಲ್ಲ ಗಮನಿಸಿದ ಸಂಗತಿ ಏನಂದ್ರೆ ಆ ಪರಾಗದ ಒಳಗೆ ಪ್ರೋಟೀನೇ ಇಲ್ಲ, ಎಲ್ಲ ಖಾಲಿ ಚಿಪ್ಪು. ಅಂದ್ರೆ ಜೇನು ತಿಂದು ಹಾಕಿದ್ದು! 1984ರಲ್ಲಿ ಥಾಯ್ಲೆಂಡಿಗೆ ಹೋಗಿ ನೋಡಿದಾಗ ಹೆಜ್ಜೇನುಗಳು ಒಟ್ಟಾಗಿ ಹಾರಿ ಹಿಕ್ಕೆ ಹಾಕೋವಾಗ ನಿಜವಾಗ್ಲೂ ಹಳದಿ ಹನಿ ಮಳೆ ಥರ ಬೀಳೋದು ಅವರಿಗೇ ಸಿಕ್ತು. ಒಂದು ಯುದ್ಧದ ಆರೋಪವನ್ನ ತೂಗಿ ನೋಡೋಕೆ ಖಾಲಿ ಚಿಪ್ಪೇ ಸಾಕಾಯ್ತು. ನಿಮ್ಮ ಹುಡುಗಿ ಪ್ರಾಜೆಕ್ಟಿಗೆ ಇದೇ ಕೀಲಿ, ಆಮೇಲೆ ಹೇಳ್ತೀನಿ.

ಈಗ ಫಾಸಿಲ್‌ಗೆ ಬನ್ನಿ. 2019ರಲ್ಲಿ ಮಯನ್ಮಾರ್ ಆಂಬರಲ್ಲಿ ಆಂಜಿಮೊರ್ಡೆಲ್ಲಾ ಅನ್ನೋ ಜೀರುಂಡೆ ಪ್ರಕಟ ಆಯ್ತು, ಸುಮಾರು 9.9 ಕೋಟಿ ವರ್ಷದ್ದು, ಬೆನ್ನು ಬಾಗಿದ ಸಣ್ಣ ಹುಳ, ಮೈಮೇಲೆ 62 ಪರಾಗ ಎಣಿಸಿದಾರೆ. ಪರಾಗದಲ್ಲಿ ಮೂರು ಸೀಳು ಇವೆ, ಇವತ್ತಿನ ಬಹುಪಾಲು ಹೂಗಿಡಗಳ ಗುಂಪಿನ ಗುರುತು ಅದು. ಅಂದ್ರೆ ಹೂವಿನ ಪರಾಗ ಹೊತ್ತ ಹುಳ, ಸರಿ. ಆದ್ರೆ ತಿಂತಿತ್ತಾ ಅಂದ್ರೆ ಮೈ ಮೇಲಿನ ಪುಡಿ ಅಷ್ಟನ್ನ ಹೇಳಲ್ಲ. ಆ ಜಾಗ ತುಂಬಿದ್ದು 2021ರಲ್ಲಿ, ಅದೇ ಆಂಬರಿನ ಪೆಲ್‌ರೆಟೆಸ್ ಅನ್ನೋ ಇನ್ನೊಂದು ಜೀರುಂಡೆ. ಇದರ ಜೊತೆಗೇ ಹಿಕ್ಕೆ ಸಿಕ್ಕಿದೆ, ಹಿಕ್ಕೆ ತುಂಬಾ ಹೂವಿನ ಪರಾಗ. ನನ್ನ ಮಟ್ಟಿಗೆ ಹೇಳೋದಾದ್ರೆ 62 ಪರಾಗ ಹೊತ್ತ ಹುಳಕ್ಕಿಂತ ಈ ಹಿಕ್ಕೆ ದೊಡ್ಡ ಸಾಕ್ಷಿ, ಆದ್ರೆ ಫೋಟೋ ಚೆನ್ನಾಗಿ ಬರೋದು ಮೊದಲನೇದರದ್ದು, ಅದಕ್ಕೇ ಜನಕ್ಕೆ ಅದೇ ಗೊತ್ತು. ಅದೇ ಮಯನ್ಮಾರ್ ಆಂಬರಲ್ಲಿ ಸೈಕಾಸ್ ಕುಟುಂಬದ ಪರಾಗದ ಜೊತೆ ಸಿಕ್ಕಿದ ಜೀರುಂಡೆಯೂ ಇದೆ, 2018ರದ್ದು. ಅಂದ್ರೆ ಹೂವು ಬಂದ ಮೇಲೂ ಹಳೇ ಗಿರಾಕಿಗಳು ಹಳೇ ಅಂಗಡಿ ಬಿಟ್ಟಿರಲಿಲ್ಲ.

ಜರ್ಮನಿಯ ಮೆಸ್ಸೆಲ್ ಗಣಿದು ಇನ್ನೊಂದು. ಅದು ಆಂಬರ್ ಅಲ್ಲ, ಎಣ್ಣೆ ಅಂಶ ಇರೋ ಪದರುಗಲ್ಲು, 4.7 ಕೋಟಿ ವರ್ಷದ್ದು. 2021ರಲ್ಲಿ ಅಲ್ಲಿಯ ಒಂದು ನೊಣದ ಉಬ್ಬಿದ ಹೊಟ್ಟೆಯಿಂದ ಪರಾಗ ತೆಗೆದು ನೋಡಿದಾಗ ಒಂದಲ್ಲ, ಹಲವು ಗಿಡಗಳ ಪರಾಗ ಇತ್ತು. ಯಾವ ಯಾವ ಗಿಡ ಅಂತ ಗುರುತಿಸಿದ ಮೇಲೆ ಆ ನೊಣ ಯಾವ ಥರ ಜಾಗದಲ್ಲಿ ಓಡಾಡ್ತಿತ್ತು ಅಂತ ಕೂಡ ಹೇಳೋಕೆ ಆಯ್ತು. ಸತ್ತು ಇಷ್ಟು ಕೋಟಿ ವರ್ಷ ಆದ ನೊಣದ ಕೊನೇ ಊಟ ಏನು ಅಂತ ಗೊತ್ತಾಗೋದು ಅಂದ್ರೆ ನನಗಂತೂ ಇವತ್ತಿಗೂ ಮೈ ಜುಂ ಅನ್ನತ್ತೆ.

ಮೂರನೇ ಮಾತು, ಪರಾಗಸ್ಪರ್ಶ. ಇದನ್ನ ಫಾಸಿಲಲ್ಲಿ ನೇರವಾಗಿ ನೋಡೋದು ಹೆಚ್ಚುಕಮ್ಮಿ ಆಗದ ಮಾತು. ತಿಂದ ಪರಾಗದಿಂದ ಗಿಡಕ್ಕೆ ಲಾಭ ಇಲ್ಲ, ನಷ್ಟವೇ. ಮೈಗೆ ಮೆತ್ತಿಕೊಂಡದ್ದು ಇನ್ನೊಂದು ಗಿಡದ ಸರಿಯಾದ ಜಾಗಕ್ಕೆ ಬಿದ್ರೆ ಮಾತ್ರ ಲಾಭ. ಆದ್ದರಿಂದ ಹುಳದ ಕೂದಲು, ಬಾಯಿ, ಪರಾಗದ ಅಂಟು ಗುಣ, ಇವತ್ತಿನ ಅದರ ನೆಂಟರ ನಡತೆ ಎಲ್ಲಾ ಸೇರಿಸಿ ‘ಮಾಡ್ತಿದ್ದಿರಬೇಕು’ ಅಂತ ತೀರ್ಮಾನಕ್ಕೆ ಬರ್ತಾರೆ. ಚಾರ್ಟಲ್ಲಿ ಆ ‘ಇರಬೇಕು’ ಉಳಿಸಿಕೊಳ್ಳೋಕೆ ಹುಡುಗಿಗೆ ಹೇಳಿ, ತೀರ್ಪುಗಾರರು ತಿಳಿದೋರಾದ್ರೆ ಅದನ್ನೇ ಮೆಚ್ಚುತ್ತಾರೆ.

ಈಗ ಪೆಂಡೆಂಟ್. ನೋಡದೇ ನಕಲಿ ಅಂತ ಹೇಳೋಕೆ ಆಗಲ್ಲ, ಆದ್ರೆ ಚೀಟಿ ಮೇಲಿನ ಮಾತು ನಂಬೋ ಹಂಗಿಲ್ಲ, ಅದಕ್ಕೆ ಕಾರಣ ಹೇಳ್ತೀನಿ. ನಮ್ಮ ತುಡುವೆ, ಹೆಜ್ಜೇನು, ಕೋಲ್ಜೇನು ಸೇರಿರೋ ಏಪಿಸ್ ಕುಲದ ಹಳೇ ಫಾಸಿಲ್‌ಗಳು ಸಿಗೋದೇ ಸುಮಾರು 3 ಕೋಟಿ ವರ್ಷದ ಈಚೆಗೆ. 10 ಕೋಟಿ ವರ್ಷದ ಮಯನ್ಮಾರ್ ಆಂಬರಲ್ಲಿ ಜೇನಿನ ಪೂರ್ವಿಕ ಅಂತ 2006ರಲ್ಲಿ ಪ್ರಕಟ ಆಗಿದ್ದ ಮೆಲಿಟ್ಟೊಸ್ಫೆಕ್ಸ್ ಮೈ ಉದ್ದ 3 ಮಿಲಿಮೀಟರ್ ಕೂಡ ಇಲ್ಲ, ಅದೂ ಜೇನೇ ಹೌದಾ ಕಣಜದ ಕಡೆದಾ ಅಂತ ಇನ್ನೂ ಜಗಳ ಇದೆ. ಹಂಗಾಗಿ ಪೆಂಡೆಂಟ್ ಒಳಗಿರೋದು ನೋಡಿದ ಕೂಡಲೇ ಜೇನುನೊಣ ಅನ್ನೋ ಅಷ್ಟು ದೊಡ್ಡದಾಗಿ, ತುಡುವೆ ಥರಾನೇ ಇದ್ರೆ ವಯಸ್ಸು ಸುಳ್ಳು. ಹಳದಿ ಪುಡಿನೂ ಅಷ್ಟೇ. ಹೆಚ್ಚಿನ ಪರಾಗ 20ರಿಂದ 50 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಇರತ್ತೆ, ಬಿಡಿ ಬಿಡಿಯಾಗಿ ಬರಿಗಣ್ಣಿಗೆ ಕಾಣಲ್ಲ. ಕಾಳು ಕಾಳಾಗಿ ಕಣ್ಣಿಗೆ ಕಾಣ್ತಿದ್ರೆ ಅದು ಬೇರೆ ಏನೋ.

ವಯಸ್ಸಿನ ವಿಷಯದಲ್ಲಿ ಇನ್ನೊಂದು ಗಮನಿಸಿ. ಆಂಬರ್ ತುಂಡನ್ನೇ ಇಟ್ಕೊಂಡು ಇಷ್ಟು ಕೋಟಿ ವರ್ಷ ಅಂತ ಅಳೆಯೋ ದಾರಿ ಇಲ್ಲ, ಅದು ಸಿಕ್ಕಿದ ಪದರದ ವಯಸ್ಸು ನೋಡ್ತಾರೆ. ಮಯನ್ಮಾರ್ ಆಂಬರ್ 9.9 ಕೋಟಿ ಅಂತ ಹೇಳೋಕೆ ಆಧಾರ ಅದರ ಸುತ್ತಲಿನ ಜ್ವಾಲಾಮುಖಿ ಬೂದಿ ಬೆರೆತ ಕಲ್ಲಿನ ಜಿರ್ಕಾನ್ ಹರಳುಗಳು, 2012ರಲ್ಲಿ ಅಳೆದಾಗ 9.88 ಕೋಟಿ ಆಸುಪಾಸು ಬಂತು. ಗಣಿ ಯಾವುದು, ಪದರ ಯಾವುದು ಗೊತ್ತಿಲ್ಲದ ತುಂಡಿಗೆ ಯಾರೂ ವಯಸ್ಸು ಕೊಡೋಕೆ ಆಗಲ್ಲ, ಮಾರೋನು ಕೊಟ್ರೂ ಅದಕ್ಕೆ ಬೆಲೆ ಇಲ್ಲ.

ಕಾದ ಸೂಜಿ ದಯವಿಟ್ಟು ಬೇಡ. ಅಸಲಿ ಆದ್ರೆ ಬಿರುಕು ಬಿಡತ್ತೆ, ಆಮೇಲೆ ಸರಿ ಮಾಡೋಕೆ ಆಗಲ್ಲ, ಪ್ಲಾಸ್ಟಿಕ್ ಆದ್ರೆ ಕೆಟ್ಟ ಹೊಗೆ ಬರತ್ತೆ, ಮಗು ಮೂಗಿಗೆ ಹೋಗತ್ತೆ. ಅದಕ್ಕಿಂತ ಹೆಚ್ಚಾಗಿ ಅದರಿಂದ ಪೂರ್ತಿ ಗೊತ್ತಾಗೋದೂ ಇಲ್ಲ, ಯಾಕಂದ್ರೆ ಇನ್ನೂ ಕಲ್ಲಾಗದ ಎಳೇ ರಾಳ, ಕೋಪಾಲ್ ಅಂತಾರೆ, ಅದು ಕೂಡ ಅಂಥದೇ ಧೂಪದ ವಾಸನೆ ಕೊಡತ್ತೆ, ಮಾರುಕಟ್ಟೇಲಿ ಆಂಬರ್ ಅಂತ ಮಾರೋದ್ರಲ್ಲಿ ಅದೇ ಜಾಸ್ತಿ ಮೋಸ ಮಾಡೋದು. ಉಪ್ಪು ನೀರು ಮನೇಲೇ ಮಾಡಬಹುದು: ಲೋಹದ ಕೊಂಡಿ ಬಿಚ್ಚಿ, 1 ಲೀಟರ್ ನೀರಿಗೆ ಸುಮಾರು 180 ಗ್ರಾಂ ಉಪ್ಪು ಕರಗಿಸಿ ಬಿಡಿ. ಗಾಜು, ಬೇಕಲೈಟು ಅನ್ನೋ ಗಟ್ಟಿ ಪ್ಲಾಸ್ಟಿಕ್ಕು ಮುಳುಗತ್ತೆ, ಆಂಬರ್ ತೇಲತ್ತೆ, ಆದ್ರೆ ಕೋಪಾಲ್ ಕೂಡ ತೇಲತ್ತೆ, ಕೆಲವು ಪ್ಲಾಸ್ಟಿಕ್ಕೂ ತೇಲತ್ತೆ. ಹಂಗಾಗಿ ಮುಳುಗಿದ್ರೆ ಕಥೆ ಮುಗೀತು, ತೇಲಿದ್ರೆ ಏನೂ ಸಾಬೀತಾಗಲಿಲ್ಲ. ಕೊಂಡಿ ಬಿಚ್ಚೋಕೆ ಬರದಿದ್ರೆ ಈ ಪರೀಕ್ಷೆಯೇ ಬೇಡ. ಬೆನ್ನ ಕಡೆ ಒಂದು ಹನಿ ಅಸಿಟೋನ್ ಹಾಕಿದ್ರೆ ಕೋಪಾಲ್ ಅಂಟಂಟಾಗತ್ತೆ, ಆಂಬರ್ ಆಗಲ್ಲ, ಆದ್ರೆ ಕಲೆ ಉಳಿಯೋ ಅಪಾಯ ಇದೆ, ಕೊಟ್ಟಿರೋ ಮಾವನ ಮನಸ್ಸಿಗೂ ಬೇಜಾರಾಗತ್ತೆ. ಏನೂ ಹಾಳಾಗದ ದಾರಿ ಎರಡು. ಒಂದು, ಕಾಲೇಜಿನ ಡಿಸೆಕ್ಷನ್ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ಹುಳ ಕೂತಿರೋ ಭಂಗಿ ನೋಡೋದು. ಜೀವಂತ ಹುಳ ರಾಳಕ್ಕೆ ಸಿಕ್ಕಿದ್ರೆ ಒದ್ದಾಡಿರತ್ತೆ, ಕಾಲು ಸೊಟ್ಟಗಾಗಿರತ್ತೆ, ರೆಕ್ಕೆ ಮಡಿಚಿರತ್ತೆ, ರಾಳ ಹರಿದ ಗೆರೆ ಕಾಣತ್ತೆ. ಸರಿಯಾಗಿ ನಡುಮಧ್ಯೆ, ರೆಕ್ಕೆ ಬಿಚ್ಚಿ, ಪಿನ್ ಹೊಡೆದಂಗೆ ಅಚ್ಚುಕಟ್ಟಾಗಿ ಇದ್ರೆ ಸತ್ತ ಹುಳನ ಎರಕ ಹೊಯ್ದದ್ದು ಅಂತ ಅನುಮಾನ ಪಡಿ. ಇನ್ನೊಂದು ಇನ್‌ಫ್ರಾರೆಡ್ ಸ್ಪೆಕ್ಟ್ರೋಸ್ಕೋಪಿ, ಅಂದ್ರೆ ಕಣ್ಣಿಗೆ ಕಾಣದ ಬೆಳಕು ಬಿಟ್ಟು ವಸ್ತು ಯಾವುದು ಅಂತ ಗುರುತಿಸೋದು, ಮೈಸೂರು ಯೂನಿವರ್ಸಿಟಿ ಮಟ್ಟದ ಲ್ಯಾಬುಗಳಲ್ಲಿ ಈ ಥರ ಉಪಕರಣ ಇರತ್ತೆ, ಕಾಲೇಜಿನ ಲೆಟರ್‌ಹೆಡ್ಡಲ್ಲಿ ಕೇಳಿ ನೋಡಿ. ಆರು ಸಾವಿರದ ಪೆಂಡೆಂಟಿಗೆ ಅಷ್ಟು ದೂರ ಹೋಗ್ಬೇಕಾ ಅನ್ನೋದು ನಿಮಗೆ ಬಿಟ್ಟದ್ದು, ನಾನಾಗಿದ್ರೆ ಮೈಕ್ರೋಸ್ಕೋಪಿಗೇ ನಿಲ್ಲಿಸ್ತಿದ್ದೆ.

ಅಸಲಿ ಅಂತಾದ್ರೂ ಒಂದು ವಿಷಯ ಮನೆಯವರಿಗೆ ಹೇಳಿ. ಮಯನ್ಮಾರ್ ಆಂಬರ್ ಬರೋದು ಕಾಚಿನ್ ರಾಜ್ಯದ ಹುಕಾಂಗ್ ಕಣಿವೆಯಿಂದ, ಅಲ್ಲಿ ಸೈನ್ಯಕ್ಕೂ ಸ್ಥಳೀಯ ಪಡೆಗೂ ಗಣಿಗಾಗಿ ಯುದ್ಧ ನಡೆದಿದೆ, 2017ರಲ್ಲಿ ಸೈನ್ಯ ಗಣಿ ವಶ ಮಾಡ್ಕೊಂಡಿತು, ಜನ ಊರು ಬಿಟ್ರು. 2020ರಲ್ಲಿ ಬೆನ್ನೆಲುಬಿನ ಪ್ರಾಣಿಗಳ ಫಾಸಿಲ್ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘವೇ ಅಲ್ಲಿಂದ ಹೊಸದಾಗಿ ಬರೋ ಆಂಬರ್ ಮೇಲೆ ಲೇಖನ ಪ್ರಕಟಿಸೋದು ಸದ್ಯಕ್ಕೆ ನಿಲ್ಲಿಸಿ ಅಂತ ಪತ್ರಿಕೆಗಳಿಗೆ ಬರೀತು. ಇನ್ನೊಂದು ತುಂಡು ಕೊಳ್ಳೋ ಆಸೆ ಇದ್ರೆ ಬೇಡ ಅಂತಲೇ ನನ್ನ ಸಲಹೆ.

ಕುಂತಿ ಬೆಟ್ಟದ ಕಲ್ಲಿನ ವಿಷಯ ಬೇಗ ಹೇಳಿಬಿಡ್ತೀನಿ. ಮಂಡ್ಯ, ಪಾಂಡವಪುರ, ಮೇಲುಕೋಟೆ ಸುತ್ತಮುತ್ತ ನಮ್ಮ ಕಾಲ ಕೆಳಗಿರೋ ನೈಸು, ಗ್ರಾನೈಟು 250 ಕೋಟಿ ವರ್ಷಕ್ಕೂ ಹಳೇವು. ಹುಳದ ಅತಿ ಹಳೇ ಫಾಸಿಲ್‌ಗಳೇ 40 ಕೋಟಿ ವರ್ಷದ ಆಸುಪಾಸಿನವು. ಜೊತೆಗೆ ಇವು ಕರಗಿ, ಕಾದು, ಒತ್ತಿ ಆದ ಕಲ್ಲುಗಳು, ಎಲೆನೋ ರೆಕ್ಕೆನೋ ಅಚ್ಚಾಗೋಕೆ ಕೆಸರು ಕೂತು ಆದ ಕಲ್ಲೇ ಬೇಕು. ನೀವು ಹೇಳೋ ಕಪ್ಪು ಗಿಡದ ಗುರುತು ಡೆಂಡ್ರೈಟ್ ಇರ್ಬೇಕು, ಕಲ್ಲಿನ ಬಿರುಕಿಗೆ ನೀರು ಇಳಿದಾಗ ಮ್ಯಾಂಗನೀಸ್ ಅಂಶ ಕವಲು ಕವಲಾಗಿ ಹರಡಿ ಕೂತ್ಕೊಳತ್ತೆ, ನೋಡೋಕೆ ಥೇಟ್ ಜರೀಗಿಡ. ಲೆನ್ಸಲ್ಲಿ ನೋಡಿ, ಎಲೆ ನರ ಇರಲ್ಲ, ಕವಲಿನ ದಪ್ಪಕ್ಕೂ ಲೆಕ್ಕ ಇರಲ್ಲ. ಬಿಸಾಕಬೇಡಿ, ಫಾಸಿಲ್ ಥರ ಕಂಡರೂ ಫಾಸಿಲ್ ಅಲ್ಲದ್ದು ಅಂತ ಚಾರ್ಟ್ ಪಕ್ಕ ಇಡೋಕೆ ಅದಕ್ಕಿಂತ ಒಳ್ಳೇ ವಸ್ತು ಇಲ್ಲ.

ನಮ್ಮ ದೇಶದಲ್ಲೇ ಹುಳದ ಆಂಬರ್ ಬೇಕು ಅಂದ್ರೆ ಗುಜರಾತಿಗೆ ಹೋಗ್ಬೇಕು. ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಲಿ 5 ಕೋಟಿ ವರ್ಷಕ್ಕೂ ಹಿಂದಿನ ಆಂಬರ್ ಇದೆ, 2010ರಲ್ಲಿ ಅದರ ದೊಡ್ಡ ವರದಿ ಬಂತು, ನೂರಾರು ಹುಳಗಳು, ಅದರಲ್ಲಿ ಜೇನುಗಳೂ ಇವೆ. ಆ ರಾಳ ಸುರಿಸಿದ ಮರಗಳು ನಮ್ಮ ಪಶ್ಚಿಮಘಟ್ಟದ ಧೂಪದ ಮರದ ಕುಟುಂಬದವೇ. ಪೂಜೆಗೆ ಹಾಕೋ ಆ ಧೂಪದ ಗಟ್ಟಿ ಒಂದು ಚೂರು ತಂದಿಟ್ಟು ಪಕ್ಕದಲ್ಲಿ ಜಾಲಿ ಅಂಟು ಇಡಿ. ಜಾಲಿ ಅಂಟು ನೀರಲ್ಲಿ ನೆನೆಯತ್ತೆ, ಧೂಪ ನೆನೆಯಲ್ಲ. ಆಂಬರ್ ಆಗೋದು ನೀರಿಗೆ ಕರಗದ ರಾಳ ಮಾತ್ರ. ಮಕ್ಕಳಿಗೆ ಇದು ಒಂದೇ ನೋಟಕ್ಕೆ ಅರ್ಥ ಆಗತ್ತೆ.

ಇನ್ನು ಆಗಲೇ ಹೇಳ್ತೀನಿ ಅಂದ ಕೀಲಿ. ಮೈಸೂರಲ್ಲೂ ಮಂಡ್ಯದಲ್ಲೂ ನೀರಿನ ಟ್ಯಾಂಕು, ದೊಡ್ಡ ಕಟ್ಟಡ, ಆಲದ ಮರಗಳಲ್ಲಿ ಹೆಜ್ಜೇನು ಕಟ್ಟತ್ತೆ, ಹತ್ತಿರದಲ್ಲಿ ನಿಲ್ಲಿಸಿದ ಸ್ಕೂಟರ್ ಸೀಟು, ಕಾರಿನ ಗಾಜಿನ ಮೇಲೆ ಸಾಸಿವೆ ಕಾಳಿನಷ್ಟು, ಕೆಲವು ಸಲ ಇನ್ನೂ ದೊಡ್ಡ ಹಳದಿ ಚುಕ್ಕಿ ಬಿದ್ದಿರತ್ತೆ. ಅದೇ ಹಿಕ್ಕೆ. ಒಣಗಿದ ಚುಕ್ಕಿಯನ್ನ ಬ್ಲೇಡ್ ತುದಿಲಿ ಕೆರೆದು ಸ್ಲೈಡ್ ಮೇಲೆ ಹಾಕಿ, ನಿಮ್ಮ ಲ್ಯಾಬಲ್ಲಿ ಇರೋ ಅಸಿಟೋಕಾರ್ಮಿನ್ ಅನ್ನೋ ಕೆಂಪು ಬಣ್ಣ ಒಂದು ಹನಿ ಬಿಟ್ಟು, ಕವರ್‌ಸ್ಲಿಪ್ ಮುಚ್ಚಿ ಕಾಯಿರಿ. ಇನ್ನೊಂದು ಸ್ಲೈಡಲ್ಲಿ ಸೂರ್ಯಕಾಂತಿನೋ ದಾಸವಾಳನೋ ಆಗ ತಾನೇ ಅರಳಿದ ಹೂವಿಂದ ಉದುರಿಸಿದ ಪರಾಗಕ್ಕೂ ಅದೇ ಬಣ್ಣ ಹಾಕಿ. ಮೂರನೇದರಲ್ಲಿ ಗೂಡಿಂದ ದೂರ ಸತ್ತು ಬಿದ್ದಿರೋ ಜೇನಿನ ಕಾಲಿಗೆ ಅಂಟಿದ ಪರಾಗದ ಉಂಡೆ ಸಿಕ್ರೆ ಅದನ್ನ ಬಿಡಿಸಿ. ಹೂವಿನ ಪರಾಗದ ಒಳಗೆ ಸತ್ವ ಇರೋದ್ರಿಂದ ಕೆಂಪಗೆ ಬಣ್ಣ ಹಿಡಿಯತ್ತೆ, ಕಾಲಿನ ಉಂಡೆದೂ ತುಂಬಿಕೊಂಡೇ ಇರತ್ತೆ, ಹಿಕ್ಕೆದು ಮಾತ್ರ ಬಹುಪಾಲು ಬಣ್ಣ ಹಿಡಿಯದೆ ಕುಗ್ಗಿದ ಖಾಲಿ ಚಿಪ್ಪು. ದಾಸವಾಳದ್ದು ದೊಡ್ಡದು, 100 ಮೈಕ್ರಾನಿಗಿಂತ ಹೆಚ್ಚು, ಸುತ್ತ ಮುಳ್ಳು, ಕಡಿಮೆ ಪವರಲ್ಲೇ ಚೆನ್ನಾಗಿ ಕಾಣತ್ತೆ, ಹಿಕ್ಕೆದಕ್ಕೆ 400 ಪಟ್ಟು ಬೇಕಾಗತ್ತೆ. ಅಂಟಿದ್ದು ಬೇರೆ, ತಿಂದದ್ದು ಬೇರೆ ಅನ್ನೋದು ಈ ಸ್ಲೈಡುಗಳನ್ನ ಪಕ್ಕಪಕ್ಕ ಇಟ್ರೆ ಕಣ್ಣಿಗೇ ಕಾಣತ್ತೆ, ಪೆಲ್‌ರೆಟೆಸ್ ಹಿಕ್ಕೆ ಯಾಕೆ ಮುಖ್ಯ ಅಂತ ಆಮೇಲೆ ಬಾಯಲ್ಲಿ ವಿವರಿಸೋ ಅಗತ್ಯವೇ ಬೀಳಲ್ಲ.

ಎಚ್ಚರಿಕೆ ಒಂದೆರಡು. ಹುಡುಗಿ ಹೆಜ್ಜೇನು ಗೂಡಿನ ಕೆಳಗೆ ಹೋಗಬಾರ್ದು, ಕಲ್ಲು ಹೊಡೆಯೋ ಹುಡುಗರು ಜೊತೇಲಿ ಇರಬಾರ್ದು, ದೂರದಲ್ಲಿ ನಿಂತ ಗಾಡಿ ಮೇಲೆ ಬಿದ್ದ ಚುಕ್ಕಿ ಸಾಕು. ಯಾರಿಗಾದ್ರೂ ಜೇನು ಕಚ್ಚಿದ್ರೆ ಅಲರ್ಜಿ ಆಗೋದಿದ್ರೆ ಈ ಕೆಲಸ ನೀವೇ ಮಾಡಿಕೊಡಿ. ದಾಸವಾಳ, ತೊಗರಿ ಹೂವಿನ ಮೇಲೆ ಕಪ್ಪು ಕಿತ್ತಳೆ ಪಟ್ಟೆ ಇರೋ ಜೀರುಂಡೆ ಕೂತು ಹೂವು ಮೇಯ್ತಿರತ್ತೆ, ಹಳೇ ಕಾಲದ ಹೂ ತಿನ್ನೋ ಜೀರುಂಡೆಗೆ ಇದೇ ಉದಾಹರಣೆ ಅಂತ ಹಿಡಿಯೋಕೆ ಹೋಗೋದು ಸಹಜ, ಆದ್ರೆ ಬರಿಗೈಲಿ ಮುಟ್ಟಬೇಡಿ, ಅದರ ರಸ ತಾಗಿದ್ರೆ ಚರ್ಮ ಬೊಬ್ಬೆ ಏಳತ್ತೆ. ಫೋಟೋ ತೆಗೆದು ಹಾಕಿದ್ರೆ ಸಾಕು.

ಚಾರ್ಟಲ್ಲಿ ಪೆಂಡೆಂಟ್ ಇಡಲೇಬೇಕು ಅಂತ ಹುಡುಗಿ ಹಟ ಮಾಡಿದ್ರೆ ಇಡಲಿ, ಪಾಪ ಆಸೆಯಿಂದ ತಂದಿದಾಳೆ. ಕೆಳಗೆ ಮಾತ್ರ ಹೀಗೆ ಬರೀಲಿ: ‘ಆಂಬರ್ ಎಂದು ಮಾರಲಾದ ವಸ್ತು. ಸಿಕ್ಕಿದ ಜಾಗ ತಿಳಿದಿಲ್ಲ, ಆದ್ದರಿಂದ ವಯಸ್ಸು ಹೇಳಲಾಗದು.’ ಸ್ಲೈಡುಗಳ ಫೋಟೋ ತೆಗೆಯೋವಾಗ ಎಷ್ಟು ಪಟ್ಟು ದೊಡ್ಡದು ಮಾಡಿದ್ದು, ಯಾವ ಗಿಡ, ಯಾವ ತಾರೀಖು, ಯಾವ ಬೀದಿ ಅಂತ ಆಗಲೇ ಬರೆದಿಡೋಕೆ ಹೇಳಿ, ಆಮೇಲೆ ನೆನಪಿಂದ ಬರೆಯೋದು ಬೇಡ. ಹಿಕ್ಕೆಲಿ ಯಾವ ಯಾವ ಗಿಡದ ಪರಾಗ ಇದೆ ಅಂತ ಗುರುತಿಸೋಕೆ ಆಗ್ಲಿಲ್ಲ ಅಂದ್ರೆ ಫೋಟೋ ನನಗೆ ಕಳಿಸಿ, ಅದರ ಜೊತೆ ಗೂಡಿನ ಸುತ್ತ ಆ ವಾರ ಏನೇನು ಹೂ ಬಿಟ್ಟಿತ್ತು ಅಂತ ಒಂದು ಪಟ್ಟಿನೂ ಇರಲಿ, ತೆಂಗು, ಹೊಂಗೆ, ನೀಲಗಿರಿ ಯಾವುದಿದ್ರೂ ಸರಿ, ಪಟ್ಟಿ ಇದ್ರೆ ಗುರುತಿಸೋದು ಅರ್ಧ ಮುಗಿದಂಗೆ.